ಪಿ62 ಪ್ರೋಟೀನ್ ಮತ್ತು ಕಾಯಿಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜೀವಕೋಶದ ಒಳಗಿನ ಕಸವನ್ನು ಹಿಡಿದು ಸಾಗಿಸುವ ಪ್ರೋಟೀನ್‌ಗಳು ಹತ್ತಾರಿವೆ. ಅವುಗಳಲ್ಲಿ ಜಾಸ್ತಿ ಹೆಸರು ಕೇಳಿಬರುವುದು ಪಿ62. ಮೂಳೆ, ನರ, ಲಿವರ್, ಸ್ನಾಯು, ಯಾವ ಕಾಯಿಲೆಯ ಬಗ್ಗೆ ಓದಹೋದರೂ ಎಲ್ಲೋ ಒಂದು ಕಡೆ ಇದು ಎದುರಾಗುತ್ತದೆ. ಬಿಎಸ್ಸಿ, ಎಂಎಸ್ಸಿ ಮಕ್ಕಳು ಕೇಳುವ ಪ್ರಶ್ನೆಗಳನ್ನೂ, ರಿಪೋರ್ಟ್ ಕೈಯಲ್ಲಿ ಹಿಡಿದು ಗಾಬರಿಯಾದ ಮನೆಯವರು ಕೇಳುವ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಚಿಕಿತ್ಸೆಯ ತೀರ್ಮಾನ ಮಾತ್ರ ನಿಮ್ಮ ಡಾಕ್ಟರದ್ದೇ.

ಪಿ62 ಅಂದ್ರೆ ಏನು? ಸರಳವಾಗಿ ಹೇಳಿ.

440 ಅಮೈನೊ ಆಮ್ಲಗಳ ಸರ. ನಮ್ಮ ಹೆಚ್ಚೂಕಡಿಮೆ ಎಲ್ಲ ಬಗೆಯ ಜೀವಕೋಶಗಳಲ್ಲೂ ಇರುತ್ತದೆ. ಒಂದು ಕೈಯಲ್ಲಿ ಕೆಟ್ಟುಹೋದ ಪ್ರೋಟೀನನ್ನು ಹಿಡಿಯುತ್ತದೆ. ಇನ್ನೊಂದು ಕೈಯಲ್ಲಿ, ಆ ಕಸವನ್ನು ಕರಗಿಸಲು ಒಯ್ಯುವ ಚೀಲವನ್ನು ಹಿಡಿಯುತ್ತದೆ. ಹೀಗೆ ಎರಡನ್ನೂ ಜೋಡಿಸುವ ಪ್ರೋಟೀನನ್ನು ಆಯ್ದ ಆಟೊಫ್ಯಾಜಿಯ ರಿಸೆಪ್ಟರ್ ಎನ್ನುತ್ತಾರೆ.

ಆಟೊಫ್ಯಾಜಿ ಏನು ಅಂತಲೇ ಗೊತ್ತಿಲ್ಲ. ಅಲ್ಲಿಂದ ಶುರು ಮಾಡ್ತೀರಾ?

ಖಂಡಿತ. ಆಟೊಫ್ಯಾಜಿ ಎಂದರೆ ತನ್ನನ್ನು ತಾನೇ ತಿನ್ನುವುದು. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ 1963ರಲ್ಲಿ ಈ ಹೆಸರಿಟ್ಟರು. ಜೀವಕೋಶದೊಳಗೆ ಎರಡು ಪದರದ ಒಂದು ಚೀಲ ಬೆಳೆಯುತ್ತದೆ. ಅದು ಕಸವನ್ನು ಸುತ್ತಿಕೊಂಡು ಲೈಸೊಸೋಮ್ ಎಂಬ ಹುಳಿ ತುಂಬಿದ ಗುಳ್ಳೆಯೊಂದಿಗೆ ಸೇರುತ್ತದೆ. ಒಳಗಿದ್ದದ್ದೆಲ್ಲ ಕರಗಿ, ಅಮೈನೊ ಆಮ್ಲಗಳಾಗಿ ಮತ್ತೆ ಬಳಕೆಗೆ ಬರುತ್ತದೆ. ಜಪಾನಿನ ಯೋಶಿನೊರಿ ಒಸುಮಿ ಯೀಸ್ಟ್‌ನಲ್ಲಿ ಇದರ ಜೀನ್‌ಗಳನ್ನು ಹುಡುಕಿ ತೆಗೆದರು, 2016ರಲ್ಲಿ ನೊಬೆಲ್ ಪಡೆದರು.

ಹಳ್ಳಿಯಲ್ಲಿ ಬೆಳೆದವರಿಗೆ ನಾನು ಇದನ್ನು ತಿಪ್ಪೆಯ ಲೆಕ್ಕದಲ್ಲಿ ಹೇಳುತ್ತೇನೆ. ಕೊಟ್ಟಿಗೆಯ ಸಗಣಿ, ದನ ತಿಂದು ಬಿಟ್ಟ ಹುಲ್ಲು, ಅಂಗಳದ ತರಗೆಲೆ ಎಲ್ಲ ಬುಟ್ಟಿಗೆ ತುಂಬಿ ತಿಪ್ಪೆಗೆ ಹೋಗುತ್ತದೆ. ಅಲ್ಲಿ ಕೊಳೆತು, ಗೊಬ್ಬರವಾಗಿ ಗದ್ದೆಗೆ ಬರುತ್ತದೆ. ಯಾವುದೂ ದಂಡವಾಗುವುದಿಲ್ಲ. ಜೀವಕೋಶದ ಲೈಸೊಸೋಮೇ ತಿಪ್ಪೆ. ಪಿ62 ಬುಟ್ಟಿ. ಒಂದೇ ಒಂದು ವ್ಯತ್ಯಾಸ: ಇಲ್ಲಿ ಬುಟ್ಟಿ ವಾಪಸ್ ಬರುವುದಿಲ್ಲ. ಕಸದ ಜೊತೆ ಅದೂ ತಿಪ್ಪೆಗೆ ಬಿದ್ದು ಕರಗಿಹೋಗುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಅರ್ಧ ಪ್ರಶ್ನೆಗಳಿಗೆ ಇದೇ ಬೀಗದ ಕೈ.

ಯಾವುದು ಕಸ, ಯಾವುದು ಅಲ್ಲ ಅಂತ ಪಿ62ಗೆ ಹೇಗೆ ಗೊತ್ತಾಗುತ್ತೆ?

ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ, ಗುರುತು ಹಾಕಿಟ್ಟಿರುತ್ತಾರೆ. ಕೆಟ್ಟ ಪ್ರೋಟೀನ್‌ಗಳ ಮೇಲೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಬೇರೆ ಕಿಣ್ವಗಳು ಅಂಟಿಸಿರುತ್ತವೆ. ಕಡಿಯಬೇಕಾದ ಮರಕ್ಕೆ ಸುಣ್ಣದ ಗುರುತು ಹಾಕುವ ಹಾಗೆ. ಪಿ62ರ ಬಾಲದಲ್ಲಿ ಯುಬಿಎ ಎಂಬ ಭಾಗ ಇದೆ. ಅದು ಆ ಗುರುತನ್ನು ಹಿಡಿಯುತ್ತದೆ.

ನಡುವಿನಲ್ಲಿ ಎಲ್‌ಐಆರ್ ಎಂಬ ಚಿಕ್ಕ ಕೊಂಡಿ ಇದೆ. ಚೀಲದ ಒಳಮೈಗೆ ಅಂಟಿಕೊಂಡಿರುವ ಎಲ್‌ಸಿ3 ಪ್ರೋಟೀನಿಗೆ ಅದು ಸಿಕ್ಕಿಕೊಳ್ಳುತ್ತದೆ. ಎಲ್‌ಐಆರ್‌ನಿಂದ ಸ್ವಲ್ಪ ಮುಂದೆ ಕೀಪ್1 ಎಂಬ ಪ್ರೋಟೀನನ್ನು ಹಿಡಿಯುವ ಜಾಗ. ತಲೆಯ ಕಡೆ ಪಿಬಿ1 ಎಂಬ ಭಾಗ. ಅದರಿಂದ ಒಂದು ಪಿ62 ಇನ್ನೊಂದು ಪಿ62ನ್ನು ಹಿಡಿದು ಉದ್ದ ಸರಪಳಿಯಾಗುತ್ತದೆ. ಒಂಟಿ ಪಿ62ಗೆ ಯುಬಿಕ್ವಿಟಿನ್ ಮೇಲೆ ಹಿಡಿತ ಸಡಿಲ. ಸರಪಳಿಯಾದಾಗ ಹಿಡಿತ ಬಿಗಿಯಾಗುತ್ತದೆ. 2018ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಪಿ62 ಮತ್ತು ಯುಬಿಕ್ವಿಟಿನ್ ಸರಗಳನ್ನು ಬೆರೆಸಿದಾಗ ಎರಡೂ ಸೇರಿ ಒಟ್ಟುಗೂಡಿ, ನೀರಿನಲ್ಲಿ ಎಣ್ಣೆಹನಿ ನಿಂತ ಹಾಗೆ ಬೇರೆಯಾಗಿ ನಿಂತವು. ಚದುರಿದ ಕಸ ಒಂದು ಕಡೆ ಗುಡ್ಡೆಯಾಗುವುದು ಹೀಗೆ.

ಕೆಲವರು ಪಿ62 ಅಂತಾರೆ, ಕೆಲವರು ಎಸ್‌ಕ್ಯೂಎಸ್‌ಟಿಎಂ1 ಅಂತಾರೆ. ಎರಡೂ ಒಂದೇನಾ?

ಒಂದೇ. ಪ್ರೋಟೀನಿನ ಪೂರ್ತಿ ಹೆಸರು ಸಿಕ್ವೆಸ್ಟೊಸೋಮ್ 1. ಅದರ ಜೀನ್ ಎಸ್‌ಕ್ಯೂಎಸ್‌ಟಿಎಂ1, ನಮ್ಮ 5ನೇ ಕ್ರೋಮೊಸೋಮಿನಲ್ಲಿದೆ. ಜೆಲ್‌ನಲ್ಲಿ ಓಡಿಸಿ ಪ್ರೋಟೀನ್‌ಗಳನ್ನು ತೂಕದಂತೆ ಬೇರ್ಪಡಿಸಿದರೆ 62 ಕಿಲೊಡಾಲ್ಟನ್ ತೂಕದ ಜಾಗದಲ್ಲಿ ಪಟ್ಟಿ ಕಾಣುತ್ತದೆ, ಅದಕ್ಕೆ ಪಿ62. ಅಮೈನೊ ಆಮ್ಲ ಲೆಕ್ಕ ಹಾಕಿದರೆ ನಿಜವಾದ ತೂಕ ಸುಮಾರು 48 ಅಷ್ಟೇ. ಇನ್ನೊಂದು ಎಚ್ಚರಿಕೆ. ಪಿ62 ಎಂಬ ಹೆಸರಿನ ಬೇರೆ ಪ್ರೋಟೀನ್‌ಗಳೂ ಇವೆ, ನ್ಯೂಕ್ಲಿಯಸ್ಸಿನ ರಂಧ್ರದಲ್ಲಿ ಒಂದಿದೆ. ಹುಡುಕುವಾಗ ಎರಡೂ ಹೆಸರು ಹಾಕಿ ಹುಡುಕಿ.

ಇದು ಕಸ ಹೊರುತ್ತದೆ ಅಂತ ಯಾರು ಕಂಡುಹಿಡಿದರು?

1996ರಲ್ಲಿ ಇದು ಮೊದಲು ಸಿಕ್ಕಿದಾಗ ಯಾರಿಗೂ ಕಸದ ಯೋಚನೆ ಇರಲಿಲ್ಲ. ರೋಗನಿರೋಧಕ ಟಿ ಕೋಶಗಳ ಒಂದು ಸಿಗ್ನಲ್ ಕಿಣ್ವಕ್ಕೆ ಅಂಟುವ ಪ್ರೋಟೀನ್ ಎಂದಷ್ಟೇ ಬರೆದಿದ್ದರು. ಆಟೊಫ್ಯಾಜಿಯ ಸಂಬಂಧ ಹೊರಬಿದ್ದದ್ದು ನಾರ್ವೆಯ ಟ್ರೊಮ್ಸೊದಲ್ಲಿ, ಉತ್ತರ ಧ್ರುವವೃತ್ತಕ್ಕಿಂತಲೂ ಮೇಲಿರುವ ಊರು. ಅಲ್ಲಿನ ಟೆರ್ಯೆ ಯೊಹಾನ್ಸೆನ್ ಅವರ ಗುಂಪು 2005ರಲ್ಲಿ ಪಿ62 ಗಂಟುಗಳು ಆಟೊಫ್ಯಾಜಿಯಿಂದ ಕರಗುತ್ತವೆ ಎಂದು ತೋರಿಸಿತು. 2007ರಲ್ಲಿ ಅದು ನೇರವಾಗಿ ಎಲ್‌ಸಿ3ಗೆ ಅಂಟುತ್ತದೆ ಎಂದೂ ತೋರಿಸಿತು. ಆಟೊಫ್ಯಾಜಿ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ ಎಂದು ಅಲ್ಲಿಯವರೆಗೆ ಹೆಚ್ಚಿನವರು ನಂಬಿದ್ದರು. ಆರಿಸಿ ನುಂಗುವುದೂ ಇದೆ ಎಂಬುದು ಆಮೇಲೆ ಗಟ್ಟಿಯಾಯಿತು.

ಪಿ62 ಜಾಸ್ತಿ ಇದ್ದರೆ ಆಟೊಫ್ಯಾಜಿ ನಿಂತಿದೆ ಅಂತ ಅರ್ಥ ಅಲ್ವಾ?

ಇಡೀ ಪುಟದಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲಬೇಕೆಂದುಕೊಂಡಿರುವುದು ಇಲ್ಲೇ. ಏಕೆಂದರೆ ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ.

ಬುಟ್ಟಿಗಳು ಕೊಟ್ಟಿಗೆಯಲ್ಲಿ ರಾಶಿ ಬಿದ್ದಿವೆ ಎಂದುಕೊಳ್ಳಿ. ತಿಪ್ಪೆಗೆ ಹೋಗುವ ದಾರಿ ಕಟ್ಟಿದೆ ಎನ್ನುವುದು ಒಂದು ಕಾರಣ. ಆದರೆ ಬುಟ್ಟಿ ಹೆಣೆಯುವವರ ಮನೆಯಲ್ಲಿ ದಿಢೀರನೆ ಹೆಣಿಗೆ ಜಾಸ್ತಿಯಾಗಿದ್ದರೂ ರಾಶಿ ಬೀಳುತ್ತದೆ. ರಾಶಿ ನೋಡಿದ ಮಾತ್ರಕ್ಕೆ ಯಾವ ಕಾರಣ ಎಂದು ಹೇಳಲು ಆಗುವುದಿಲ್ಲ.

ಪಿ62 ವಿಷಯದಲ್ಲಿ ಹೆಣಿಗೆ ಜಾಸ್ತಿಯಾಗುವ ದಾರಿ ಹೀಗಿದೆ. ಎನ್‌ಆರ್‌ಎಫ್2 ಎಂಬ ಪ್ರೋಟೀನ್ ಜೀವಕೋಶವನ್ನು ಕಾಪಾಡುವ ಜೀನ್‌ಗಳನ್ನು ಎಬ್ಬಿಸುತ್ತದೆ. ಮಾಮೂಲಿ ದಿನಗಳಲ್ಲಿ ಕೀಪ್1 ಅದನ್ನು ಹಿಡಿದಿಟ್ಟು ನಾಶಕ್ಕೆ ಕಳಿಸುತ್ತಿರುತ್ತದೆ. ಪಿ62 ತುಂಬಿಕೊಂಡಾಗ ಅದು ಕೀಪ್1ನ್ನೇ ಹಿಡಿದುಬಿಡುತ್ತದೆ. ಎನ್‌ಆರ್‌ಎಫ್2 ಬಿಡುಗಡೆಯಾಗಿ ನ್ಯೂಕ್ಲಿಯಸ್ಸಿಗೆ ಹೋಗುತ್ತದೆ. ಅಲ್ಲಿ ಅದು ಎಬ್ಬಿಸುವ ಜೀನ್‌ಗಳಲ್ಲಿ ಎಸ್‌ಕ್ಯೂಎಸ್‌ಟಿಎಂ1 ಕೂಡ ಒಂದು! ಅಂದರೆ ಪಿ62 ಹೆಚ್ಚಿದಷ್ಟೂ ಪಿ62 ಹುಟ್ಟುತ್ತದೆ.

ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಗಿಡದ ರಸವನ್ನು ಕೋಶಗಳಿಗೆ ಹಾಕಿ ಪ್ರೋಟೀನ್ ಎಷ್ಟಿದೆ ಎಂದು ನೋಡುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆ ಮಾಡಿದ್ದೆ. ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದು ಬೆಳಕಿಗೆ ಹಿಡಿದರೆ 62ರ ಜಾಗದಲ್ಲಿ ದಪ್ಪ ಕಪ್ಪು ಪಟ್ಟಿ. ಪಕ್ಕದಲ್ಲಿ ರಸ ಹಾಕದ ಕೋಶಗಳ (ಕಂಟ್ರೋಲ್) ಪಟ್ಟಿ ಅದರ ಮುಂದೆ ಪೆನ್ಸಿಲ್ ಗೆರೆಯಂತಿತ್ತು. ಆಟೊಫ್ಯಾಜಿ ನಿಂತಿದೆ ಎಂದು ಬರೆದುಕೊಂಡೆ. ನನ್ನ ಸೀನಿಯರ್ ಅಕ್ಕ ಒಂದೇ ಪ್ರಶ್ನೆ ಕೇಳಿದರು: "ಎಂಆರ್‌ಎನ್‌ಎ ನೋಡಿದ್ಯಾ?" ಪ್ರೋಟೀನ್ ತಯಾರಿಸಲು ಜೀನಿನಿಂದ ಬರುವ ನಕಲು ಚೀಟಿ ಅದು. ನೋಡಿರಲಿಲ್ಲ. ನೋಡಿದಾಗ ಅದೂ ಅಷ್ಟೇ ಏರಿತ್ತು. ಆ ರಸ ಆಟೊಫ್ಯಾಜಿಯನ್ನು ತಡೆದೇ ಇರಲಿಲ್ಲ, ಪಿ62ರ ಉತ್ಪಾದನೆಯನ್ನು ಹೆಚ್ಚಿಸಿತ್ತು. ಮೂರು ತಿಂಗಳ ನೋಟ್‌ಬುಕ್ಕಿನ ಅರ್ಥವೇ ಬೇರೆಯಾಯಿತು.

ಸರಿಯಾದ ದಾರಿ ಹರಿವನ್ನು ಅಳೆಯುವುದು. ಬಾಫಿಲೊಮೈಸಿನ್ ಎಂಬ ಔಷಧಿ ಲೈಸೊಸೋಮಿನ ಹುಳಿಯನ್ನು ತೆಗೆದುಹಾಕುತ್ತದೆ, ತಿಪ್ಪೆಯ ಬಾಯಿ ಮುಚ್ಚಿದ ಹಾಗೆ. ಅದನ್ನು ಹಾಕಿದಾಗ ಪಿ62 ಇನ್ನಷ್ಟು ಏರಿದರೆ, ಅಲ್ಲಿಯವರೆಗೆ ಹರಿವು ಇತ್ತು ಎಂದರ್ಥ. ಹಾಕಿದರೂ ಏನೂ ಬದಲಾಗದಿದ್ದರೆ ದಾರಿ ಮೊದಲೇ ಕಟ್ಟಿತ್ತು ಎಂದು ಅನುಮಾನಿಸಬಹುದು. ಜೊತೆಗೆ ಎಲ್‌ಸಿ3 ಮತ್ತು ಎಂಆರ್‌ಎನ್‌ಎ ಎರಡನ್ನೂ ನೋಡಿ. ಒಂದೇ ಪಟ್ಟಿ ನಂಬಿ ತೀರ್ಪು ಕೊಡಬೇಡಿ.

ಮೂಳೆಯ ಪ್ಯಾಜೆಟ್ ಕಾಯಿಲೆಗೂ ಇದಕ್ಕೂ ಏನು ಸಂಬಂಧ?

ಪಿ62 ಜೀನ್ ಕೆಟ್ಟರೆ ಕಾಯಿಲೆ ಬರುತ್ತದೆ ಎಂದು ಮೊದಲು ಗೊತ್ತಾದದ್ದೇ ಇದರಿಂದ. ಲಂಡನ್ನಿನ ಸರ್ಜನ್ ಸರ್ ಜೇಮ್ಸ್ ಪ್ಯಾಜೆಟ್ 1877ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಒಬ್ಬ ರೋಗಿಯನ್ನು ಅವರು ಸುಮಾರು 20 ವರ್ಷ ಗಮನಿಸಿದ್ದರು. ಅವನ ಕಾಲು ನಿಧಾನವಾಗಿ ಬಿಲ್ಲಿನಂತೆ ಬಾಗಿತು. ತಲೆಬುರುಡೆ ದಪ್ಪವಾಗುತ್ತ ಹೋಗಿ, ವರ್ಷ ಕಳೆದಂತೆ ದೊಡ್ಡ ದೊಡ್ಡ ಟೋಪಿ ಕೊಳ್ಳಬೇಕಾಯಿತು.

ನಮ್ಮ ಮೂಳೆ ಗಟ್ಟಿ ಕಲ್ಲಲ್ಲ. ಅಲ್ಲಿ ಒಂದು ಬಗೆಯ ಕೋಶ ಹಳೆ ಮೂಳೆಯನ್ನು ಕರಗಿಸುತ್ತಿರುತ್ತದೆ, ಅದು ಆಸ್ಟಿಯೊಕ್ಲಾಸ್ಟ್. ಇನ್ನೊಂದು ಬಗೆ ಹೊಸದನ್ನು ಕಟ್ಟುತ್ತಿರುತ್ತದೆ. ಪ್ಯಾಜೆಟ್ ಕಾಯಿಲೆಯಲ್ಲಿ ಆಸ್ಟಿಯೊಕ್ಲಾಸ್ಟ್‌ಗಳು ದೈತ್ಯವಾಗುತ್ತವೆ. ಮಾಮೂಲಿಗಿಂತ ಎಷ್ಟೋ ಪಟ್ಟು ನ್ಯೂಕ್ಲಿಯಸ್ ತುಂಬಿಕೊಂಡು ಮೂಳೆಯನ್ನು ಸಿಕ್ಕಾಪಟ್ಟೆ ಕೆರೆಯುತ್ತವೆ. ಕಟ್ಟುವ ಕೋಶಗಳು ಗಡಿಬಿಡಿಯಲ್ಲಿ ಹಿಂದೆ ಹಿಂದೆ ಕಟ್ಟುತ್ತವೆ. ಹೊಸ ಮೂಳೆ ದಪ್ಪ ಇರುತ್ತದೆ, ಗಟ್ಟಿ ಇರುವುದಿಲ್ಲ.

2002ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಫ್ರೆಂಚ್ ಮೂಲದ ಕುಟುಂಬಗಳಲ್ಲಿ ಕಾರಣ ಸಿಕ್ಕಿತು. ಪಿ62ರ 392ನೇ ಜಾಗದಲ್ಲಿ ಪ್ರೋಲಿನ್ ಇರಬೇಕಾದ ಕಡೆ ಲ್ಯೂಸಿನ್ ಬಂದಿತ್ತು. ಒಂದೇ ಅಕ್ಷರದ ತಪ್ಪು. ಆಮೇಲೆ ಸಿಕ್ಕ ಮ್ಯುಟೇಶನ್‌ಗಳಲ್ಲೂ ಹೆಚ್ಚಿನವು ಬಾಲದ ಯುಬಿಎ ಭಾಗದ ಸುತ್ತಲೇ ಇವೆ, ಯುಬಿಕ್ವಿಟಿನ್ ಹಿಡಿಯುವ ಕೈಯಲ್ಲೇ.

ಹಾಗಾದರೆ ಮೂಳೆಯಲ್ಲಿ ಕಸ ತುಂಬಿತೇ? ಅಷ್ಟು ಸುಲಭವಿಲ್ಲ. ಪಿ62 ಕಸ ಹೊರುವುದರ ಜೊತೆ ಸಂದೇಶಗಳ ಕೂಡುದಾರಿಯೂ ಹೌದು. ಆಸ್ಟಿಯೊಕ್ಲಾಸ್ಟ್ ಬೆಳೆಯಲು ರ್‍ಯಾಂಕ್ ಲೈಗ್ಯಾಂಡ್ ಎಂಬ ಸಂದೇಶ ಬೇಕು. ಅದು ಟ್ರಾಫ್6, ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನ್‌ಗಳ ಮೂಲಕ ಒಳಗೆ ಹೋಗುತ್ತದೆ. ಪಿ62 ಅಲ್ಲೇ ನಡುವೆ ನಿಂತಿರುತ್ತದೆ. ಮ್ಯುಟೇಶನ್ ಇದ್ದಾಗ ಈ ಸಂದೇಶಕ್ಕೆ ಲಗಾಮು ಸಡಿಲವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಪ್ಯಾಜೆಟ್‌ನಲ್ಲಿ ಈ ಸಂದೇಶದ ಗಲಾಟೆಯೇ ದೊಡ್ಡದು, ಕಸದ ಪಾತ್ರ ಅದರ ಹಿಂದೆ.

ನಮ್ಮ ಮನೆಯಲ್ಲಿ ಒಬ್ಬರಿಗೆ ಪ್ಯಾಜೆಟ್ ಇದೆ. ನಾವೂ ಜೀನ್ ಟೆಸ್ಟ್ ಮಾಡಿಸಬೇಕಾ?

ಮೊದಲು ಸಮಾಧಾನದ ಮಾತು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ವಯಸ್ಸಾದವರಲ್ಲಿ ಇದು ಮಾಮೂಲಿಯಾಗಿ ಕಾಣುತ್ತದೆ. ಭಾರತದಲ್ಲಿ ಅಪರೂಪ. ಹೆಚ್ಚಿನವರಿಗೆ ನೋವೇ ಇರುವುದಿಲ್ಲ. ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ, ಅಥವಾ ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಜಾಸ್ತಿ ಬಂದಾಗ ಗೊತ್ತಾಗುತ್ತದೆ.

ಮ್ಯುಟೇಶನ್ ಇರುವವರ ಮಕ್ಕಳಿಗೆ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಜೀನ್ ದಾಟಿದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಎಂದಿಲ್ಲ. ಬಂದರೂ ಸಾಮಾನ್ಯವಾಗಿ 50 ದಾಟಿದ ಮೇಲೆ. ಜೊಲೆಡ್ರೊನಿಕ್ ಆಸಿಡ್ ಎಂಬ ಔಷಧಿಯ 5 ಮಿಲಿಗ್ರಾಂ ಒಂದೇ ಡ್ರಿಪ್‌ನಲ್ಲಿ ಕೊಟ್ಟರೆ ಆಸ್ಟಿಯೊಕ್ಲಾಸ್ಟ್‌ಗಳು ವರ್ಷಗಟ್ಟಲೆ ತಣ್ಣಗಾಗುತ್ತವೆ. ಈ ಜೀನ್ ಹೊತ್ತ, ಕಾಯಿಲೆ ಗೊತ್ತಾಗದ ಬಂಧುಗಳಿಗೇ ಇದನ್ನು ಮುಂಚಿತವಾಗಿ ಕೊಟ್ಟು ನೋಡುವ ದೊಡ್ಡ ಅಧ್ಯಯನವೂ ನಡೆದಿದೆ, 2024ರಲ್ಲಿ ಫಲಿತಾಂಶ ಬಂತು. ಬಹುಪಾಲು ಜನರ ಮೂಳೆಯಲ್ಲಿ ಏನೂ ಶುರುವಾಗಿರಲಿಲ್ಲ. ಶುರುವಾಗಿದ್ದವರಲ್ಲಿ ಔಷಧಿ ಕೆಲಸ ಮಾಡಿತು. ಟೆಸ್ಟ್ ಮಾಡಿಸುವ ಮೊದಲು ಜೆನೆಟಿಕ್ ಕೌನ್ಸೆಲರ್ ಹತ್ತಿರ ಒಮ್ಮೆ ಕೂತು ಮಾತಾಡಿ.

ಎಎಲ್‌ಎಸ್ ಅಥವಾ ಎಂಎನ್‌ಡಿ ಕಾಯಿಲೆಯಲ್ಲಿ ಪಿ62 ಹೆಸರು ಯಾಕೆ ಬರುತ್ತೆ?

ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತ ಹೋಗುವ ಕಾಯಿಲೆ ಇದು. ಪಿ62 ಹೆಸರು ಎರಡು ಕಾರಣಕ್ಕೆ ಬರುತ್ತದೆ, ಅವೆರಡನ್ನೂ ಬೇರೆ ಬೇರೆ ನೋಡಬೇಕು.

ಎಎಲ್‌ಎಸ್ ಇರುವ ಕೆಲವರಲ್ಲಿ ಪಿ62 ಜೀನೇ ಕೆಟ್ಟಿರುತ್ತದೆ. 2011ರಲ್ಲಿ ಇದು ಗೊತ್ತಾಯಿತು. ಇಂಥವರು ನೂರರಲ್ಲಿ ಒಂದೆರಡು ಜನ ಅಷ್ಟೇ. ಅವರ ಒಂದು ಮ್ಯುಟೇಶನ್ ನೇರ ಎಲ್‌ಐಆರ್ ಕೊಂಡಿಯಲ್ಲೇ ಇದೆ, 341ನೇ ಜಾಗದಲ್ಲಿ. ಕಸ ಹಿಡಿಯಲು ಆಗುತ್ತದೆ, ಚೀಲಕ್ಕೆ ಸಿಕ್ಕಿಸಲು ಕಷ್ಟವಾಗುತ್ತದೆ. ಪಿ62ರ ಯುಬಿಎ ಭಾಗವನ್ನು ಚುರುಕುಗೊಳಿಸುವ ಟಿಬಿಕೆ1 ಎಂಬ ಕಿಣ್ವದ ಜೀನ್ ಕೆಟ್ಟರೂ ಎಎಲ್‌ಎಸ್ ಬರುತ್ತದೆ. ಆಪ್ಟಿನ್ಯೂರಿನ್ ಎಂಬ ಇನ್ನೊಂದು ರಿಸೆಪ್ಟರ್ ಕೆಟ್ಟರೂ ಬರುತ್ತದೆ. ಒಂದೇ ದಾರಿಯ ಮೂರು ಕಡೆ ಏಟು ಬಿದ್ದರೂ ಒಂದೇ ಕಾಯಿಲೆ. ಇದು ಕಾಕತಾಳೀಯ ಎಂದು ನನಗನಿಸುವುದಿಲ್ಲ.

ಎರಡನೆಯದು, ಜೀನ್ ಸರಿಯಿದ್ದವರಲ್ಲೂ ನರಕೋಶಗಳಲ್ಲಿ ಪಿ62 ಗಂಟುಗಳು ಕಾಣುವುದು. ಪೆಥಾಲಜಿಸ್ಟ್‌ಗಳಿಗೆ ಇದು ತುಂಬ ಕೆಲಸಕ್ಕೆ ಬರುತ್ತದೆ. ಸಿ9ಓಆರ್‌ಎಫ್72 ಎಂಬ ಜೀನಿನ ತೊಂದರೆ ಇರುವವರ ಸೆರೆಬೆಲ್ಲಮ್ಮಿನಲ್ಲಿ (ಕಿರುಮೆದುಳಿನಲ್ಲಿ) ಪಿ62 ಬಣ್ಣ ಹಾಕಿದರೆ ಪುಟ್ಟ ನಕ್ಷತ್ರದಂಥ ಚುಕ್ಕೆಗಳು ಏಳುತ್ತವೆ. ಎಎಲ್‌ಎಸ್‌ನಲ್ಲಿ ಮಾಮೂಲಿಯಾಗಿ ಹುಡುಕುವ ಟಿಡಿಪಿ-43 ಎಂಬ ಪ್ರೋಟೀನ್ ಆ ಚುಕ್ಕೆಗಳಲ್ಲಿ ಇರುವುದಿಲ್ಲ. ಇಲ್ಲಿ ಪಿ62 ಆರೋಪಿಯಲ್ಲ, ಸಾಕ್ಷಿ.

ಕೆಲವು ಕುಟುಂಬಗಳಲ್ಲಿ ಒಬ್ಬರಿಗೆ ಪ್ಯಾಜೆಟ್, ಇನ್ನೊಬ್ಬರಿಗೆ ಎಎಲ್‌ಎಸ್, ಮತ್ತೊಬ್ಬರಿಗೆ ಸ್ನಾಯು ಕಾಯಿಲೆ ಬರುವುದೂ ಉಂಟು. ಮನೆಯವರ ಚರಿತ್ರೆ ಹೇಳುವಾಗ ಅಜ್ಜನ ಬಾಗಿದ ಕಾಲನ್ನೂ ಮರೆಯದೆ ಹೇಳಿ.

ಅಲ್ಜೈಮರ್, ಪಾರ್ಕಿನ್ಸನ್‌ನಲ್ಲೂ ಹೀಗೇನಾ?

ಅಲ್ಜೈಮರ್‌ನ ಟೌ ಎಂಬ ಪ್ರೋಟೀನಿನ ಸಿಕ್ಕುಗಳಲ್ಲಿ, ಪಾರ್ಕಿನ್ಸನ್‌ನ ಲೂವಿ ಎಂಬ ಪ್ರೋಟೀನ್ ಗಂಟುಗಳಲ್ಲಿ ಪಿ62 ಇರುತ್ತದೆ. ಹಾಗಂತ ಪಿ62 ತೆಗೆದರೆ ನರ ಉಳಿಯುತ್ತದೆಯೇ? ಇದಕ್ಕೆ ನನಗೆ ಬಲು ಇಷ್ಟವಾದ ಒಂದು ಪ್ರಯೋಗ ಇದೆ. ಜಪಾನಿನ ಮಸಾಕಿ ಕೊಮಾತ್ಸು ಮತ್ತು ಜೊತೆಗಾರರು 2007ರಲ್ಲಿ ಇಲಿಗಳಲ್ಲಿ ಆಟೊಫ್ಯಾಜಿ ನಿಲ್ಲಿಸಿದರು. ಲಿವರ್, ಮೆದುಳು ಎರಡರಲ್ಲೂ ಗಂಟು ತುಂಬಿಕೊಂಡಿತು. ಆಮೇಲೆ ಪಿ62 ಜೀನನ್ನೂ ತೆಗೆದುಹಾಕಿದರು. ಎರಡೂ ಕಡೆ ಗಂಟುಗಳು ಮಾಯವಾದವು. ಲಿವರ್ ಬಹುಮಟ್ಟಿಗೆ ಚೇತರಿಸಿಕೊಂಡಿತು. ನರಕೋಶಗಳು ಮಾತ್ರ ಹಾಗೇ ಸಾಯುತ್ತ ಹೋದವು.

ಅಂದರೆ ಲಿವರ್‌ನಲ್ಲಿ ಪಿ62 ರಾಶಿಯೇ ಹಾನಿ ಮಾಡುತ್ತಿತ್ತು. ಮೆದುಳಿನಲ್ಲಿ ರಾಶಿ ಬರಿ ಗುರುತಾಗಿತ್ತು, ಹಾನಿ ಬೇರೆ ಕಡೆಯಿಂದ ಬರುತ್ತಿತ್ತು. ಅದೇ ಪ್ರೋಟೀನ್, ಅದೇ ಗಂಟು, ಎರಡು ಅಂಗ, ಎರಡು ಉತ್ತರ. ಪಿ62 ಬಗ್ಗೆ ಯಾರಾದರೂ ಒಂದೇ ವಾಕ್ಯದಲ್ಲಿ ತೀರ್ಪು ಹೇಳಿದರೆ ಈ ಇಲಿಗಳನ್ನು ನೆನೆಸಿಕೊಳ್ಳಿ.

ಮಕ್ಕಳಿಗೂ ಪಿ62 ಕಾಯಿಲೆ ಬರುತ್ತದಾ?

ಬಹಳ ಅಪರೂಪಕ್ಕೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದು, ಪಿ62 ಪೂರ್ತಿ ಇಲ್ಲವಾದರೆ ಬಾಲ್ಯದಲ್ಲೋ ಹರೆಯದಲ್ಲೋ ನಡಿಗೆ ತೂರಾಡಲು ಶುರುವಾಗುತ್ತದೆ. ಕೈಕಾಲು ತಿರುಚಿಕೊಳ್ಳುತ್ತವೆ, ಕಣ್ಣನ್ನು ಮೇಲೆ ಕೆಳಗೆ ಆಡಿಸಲು ಕಷ್ಟವಾಗುತ್ತದೆ. 2016ರಲ್ಲಿ ಇದನ್ನು ವಿವರಿಸಿದರು. ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಇಂಥ ಕಾಯಿಲೆಗಳ ಸಾಧ್ಯತೆ ಹೆಚ್ಚು. ಸೋದರಮಾವನ, ಅತ್ತೆ ಮಕ್ಕಳ ಮದುವೆ ರೂಢಿಯಲ್ಲಿರುವ ನಮ್ಮ ಕಡೆ ಡಾಕ್ಟರಿಗೆ ಇದನ್ನು ಮುಚ್ಚಿಡದೆ ಹೇಳಬೇಕು.

ಲಿವರ್ ಬಯಾಪ್ಸಿಯಲ್ಲಿ ಮ್ಯಾಲರಿ ಬಾಡಿ ಇದೆ ಅಂದರು. ಅದು ಏನು?

ಜಾಸ್ತಿ ಕುಡಿಯುವವರ ಲಿವರ್, ಕುಡಿಯದಿದ್ದರೂ ಕೊಬ್ಬು ತುಂಬಿ ಊದಿಕೊಂಡ ಲಿವರ್, ಎರಡರಲ್ಲೂ ಇದು ಕಾಣಬಹುದು. ಬಾಸ್ಟನ್ನಿನ ಪೆಥಾಲಜಿಸ್ಟ್ ಫ್ರ್ಯಾಂಕ್ ಮ್ಯಾಲರಿ 1911ರಲ್ಲಿ ವಿವರಿಸಿದರು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಊದಿದ ಲಿವರ್ ಕೋಶದಲ್ಲಿ, ನ್ಯೂಕ್ಲಿಯಸ್ಸಿನ ಪಕ್ಕ, ಗುಲಾಬಿ ಬಣ್ಣದ ಹುರಿಹಗ್ಗದ ತುಂಡು ಮುದುಡಿ ಬಿದ್ದಂತೆ ಕಾಣುತ್ತದೆ. ಅದರೊಳಗೆ ಕೆರಾಟಿನ್ 8 ಮತ್ತು 18 ಎಂಬ ಎಳೆ ಪ್ರೋಟೀನ್‌ಗಳು, ಯುಬಿಕ್ವಿಟಿನ್, ಪಿ62 ಗಂಟು ಹಾಕಿಕೊಂಡಿರುತ್ತವೆ. ಕೋಶ ಕಷ್ಟದಲ್ಲಿದೆ, ಕಸ ಗುಡ್ಡೆ ಹಾಕಿದೆ, ಹೊರಹಾಕಲು ಆಗಿಲ್ಲ ಎಂದು ಅರ್ಥ. ಕುಡಿತ ನಿಂತು ಲಿವರ್ ಸುಧಾರಿಸಿದರೆ ಇವೂ ಕರಗಬಹುದು.

ಹಿತ್ತಾಳೆ ಪಾತ್ರೆಗೂ ಇದಕ್ಕೂ ಸಂಬಂಧ ಇದೆ ಅಂತ ಕೇಳಿದ್ದೆ. ನಿಜಾನಾ?

ನಿಜ. ಇದು ನಮ್ಮ ದೇಶದ್ದೇ ಕತೆ. ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್ ಎಂಬ ಕಾಯಿಲೆ ಒಂದು ಕಾಲದಲ್ಲಿ ಎಷ್ಟೋ ಮನೆಗಳ ಹಸುಗೂಸುಗಳನ್ನು ಕೊಂಡೊಯ್ದಿತು. ಮಗುವಿನ ಹೊಟ್ಟೆ ಊದುತ್ತಿತ್ತು, ಲಿವರ್ ಕೈಗೆ ಗಟ್ಟಿಯಾಗಿ ಸಿಗುತ್ತಿತ್ತು. ಆ ಲಿವರ್‌ಗಳಲ್ಲಿ ತಾಮ್ರ ವಿಪರೀತ ಇತ್ತು. ಮ್ಯಾಲರಿ ಗಂಟುಗಳೂ ತುಂಬಿದ್ದವು. 2004ರಲ್ಲಿ ಅವುಗಳಿಗೆ ಬಣ್ಣ ಹಾಕಿ ನೋಡಿದಾಗ ಪಿ62 ಕೂಡ ಸಿಕ್ಕಿತು.

ತಾಮ್ರ ಬಂದದ್ದು ಹಾಲಿನಿಂದ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹಸುವಿನ ಹಾಲು ಕಾಯಿಸಿಟ್ಟರೆ ತಾಮ್ರ ಹಾಲಿಗೆ ಇಳಿದು, ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. 1980ರ ದಶಕದಲ್ಲಿ ಪುಣೆಯಲ್ಲಿ ನಡೆದ ಕೆಲಸ ಇದನ್ನು ಗಟ್ಟಿ ಮಾಡಿತು. ಸ್ಟೀಲ್ ಪಾತ್ರೆ ಬಂದ ಮೇಲೆ, ತಾಯಂದಿರಿಗೆ ತಿಳಿಸಿದ ಮೇಲೆ ಕಾಯಿಲೆ ಹೆಚ್ಚೂಕಡಿಮೆ ಕಣ್ಮರೆಯಾಯಿತು. ಈಗ ಮತ್ತೆ ತಾಮ್ರ, ಹಿತ್ತಾಳೆ ಒಳ್ಳೆಯದು ಎಂದು ಮನೆಗೆ ತರುತ್ತಿದ್ದಾರೆ. ದಯವಿಟ್ಟು ಕೂಸಿನ ಹಾಲನ್ನು ಮಾತ್ರ ಅದರಲ್ಲಿ ಕಾಯಿಸಬೇಡಿ. ಅಜ್ಜಿಯರು ವರ್ಷಕ್ಕೊಮ್ಮೆ ಕಲಾಯಿ ಹಾಕಿಸುತ್ತಿದ್ದದ್ದು ಸುಮ್ನೆ ಅಲ್ಲ.

ಕ್ಯಾನ್ಸರ್ ವಿಷಯದಲ್ಲಿ ಪಿ62 ಒಳ್ಳೆಯದಾ, ಕೆಟ್ಟದ್ದಾ?

ಯಾವ ಕೋಶದಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಲಿವರ್ ಕೋಶದಲ್ಲಿ ಪಿ62 ರಾಶಿಯಾದರೆ ಎನ್‌ಆರ್‌ಎಫ್2 ಸದಾ ಎದ್ದೇ ಇರುತ್ತದೆ. ಹಾಳಾಗಿ ಸಾಯಬೇಕಿದ್ದ ಕೋಶಗಳಿಗೂ ಅದರ ಕಾವಲು ಸಿಗುತ್ತದೆ, ಅವು ಬದುಕಿ ಗೆಡ್ಡೆಯಾಗುತ್ತವೆ. 2016ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಅದೇ ಲಿವರ್‌ನಲ್ಲಿ ಪಕ್ಕಕ್ಕಿರುವ ಸ್ಟೆಲೇಟ್ ಎಂಬ ಬೇರೆ ಬಗೆಯ ಕೋಶಗಳಲ್ಲಿ ಪಿ62 ಇಲ್ಲವಾದರೆ ನಾರುಗಟ್ಟುವುದೂ ಕ್ಯಾನ್ಸರ್ ಬೆಳೆಯುವುದೂ ಹೆಚ್ಚಿತು. ಅಲ್ಲಿ ಪಿ62 ಕಾಪಾಡುತ್ತಿತ್ತು. ಪಿ62 ತಡೆಯುವ ಮಾತ್ರೆಯನ್ನು ಇಡೀ ದೇಹಕ್ಕೆ ಕೊಡಲು ಜನ ಹಿಂಜರಿಯುವುದು ಇದಕ್ಕೇ.

ಸೋಂಕಿನಲ್ಲಿ ಇದರ ಕೆಲಸ ಏನು?

ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಜೀವಕೋಶದೊಳಗೆ ತಪ್ಪಿಸಿಕೊಂಡು ಬಂದರೆ ಅದರ ಮೈಮೇಲೂ ಯುಬಿಕ್ವಿಟಿನ್ ಗುರುತು ಬೀಳುತ್ತದೆ. ಪಿ62, ಎನ್‌ಡಿಪಿ52, ಆಪ್ಟಿನ್ಯೂರಿನ್ ಎಂಬ ಮೂರು ರಿಸೆಪ್ಟರ್‌ಗಳೂ ಹೋಗಿ ಅದನ್ನು ಹಿಡಿಯುತ್ತವೆ. ಟಿಬಿ ಬ್ಯಾಕ್ಟೀರಿಯಾ ವಿರುದ್ಧ ಇನ್ನೊಂದು ಸೊಗಸಾದ ಉಪಾಯ ಇದೆ. ಪಿ62 ಕೋಶದ ಕೆಲವು ಪ್ರೋಟೀನ್‌ಗಳನ್ನು ಲೈಸೊಸೋಮಿಗೆ ಒಯ್ಯುತ್ತದೆ. ಅಲ್ಲಿ ಅವು ಚೂರಾದಾಗ ಬ್ಯಾಕ್ಟೀರಿಯಾ ಕೊಲ್ಲುವ ತುಣುಕುಗಳಾಗುತ್ತವೆ. ಕಸವೇ ಆಯುಧವಾಗುತ್ತದೆ.

ಪಿ62 ಒಂದೇನಾ ಇಂಥ ರಿಸೆಪ್ಟರ್?

ಅಲ್ಲ. ಎನ್‌ಬಿಆರ್1, ಟ್ಯಾಕ್ಸ್1ಬಿಪಿ1 ಇದರ ಜೊತೆಗಾರರು. ಕಬ್ಬಿಣ ತುಂಬಿದ ಫೆರಿಟಿನ್ ಒಯ್ಯಲು ಎನ್‌ಸಿಒಎ4 ಇದೆ. ಜೀವಕೋಶದೊಳಗಿನ ಪೊರೆಯ ಜಾಲವಾದ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಚೂರು ಒಯ್ಯುವ ಎಫ್‌ಎಎಂ134ಬಿ ಕೆಟ್ಟರೆ ಕೈಕಾಲಿಗೆ ನೋವೇ ಗೊತ್ತಾಗದ ನರಗಳ ಕಾಯಿಲೆ ಬರುತ್ತದೆ. ಆಪ್ಟಿನ್ಯೂರಿನ್ ಕೆಟ್ಟರೆ ಎಎಲ್‌ಎಸ್ ಜೊತೆಗೆ ಒಂದು ಬಗೆಯ ಗ್ಲಾಕೋಮಾ ಕೂಡ. ಹಾಳಾದ ಮೈಟೊಕಾಂಡ್ರಿಯಾ ತೆಗೆಯುವುದರಲ್ಲಿ ಮುಖ್ಯ ಕೆಲಸ ಎನ್‌ಡಿಪಿ52 ಮತ್ತು ಆಪ್ಟಿನ್ಯೂರಿನ್‌ದು. ಪಿ62 ಅಲ್ಲಿ ಹಾಳಾದ ಮೈಟೊಕಾಂಡ್ರಿಯಾಗಳನ್ನು ಒಟ್ಟುಗೂಡಿಸುತ್ತದೆ.

ಏಕಾದಶಿ ಉಪವಾಸ ಮಾಡಿದರೆ ಪಿ62 ಕರಗುತ್ತಾ?

ಇಲಿಗಳನ್ನು ರಾತ್ರಿಯಿಡೀ ಉಪವಾಸ ಇಟ್ಟರೆ ಲಿವರ್‌ನಲ್ಲಿ ಆಟೊಫ್ಯಾಜಿ ಏರುತ್ತದೆ. ಇದು ಗಟ್ಟಿ. ಮನುಷ್ಯರಲ್ಲಿ ಒಂದು ದಿನದ ಉಪವಾಸದಿಂದ ಎಎಲ್‌ಎಸ್, ಪ್ಯಾಜೆಟ್, ಕ್ಯಾನ್ಸರ್ ತಡೆಯಬಹುದು ಎಂಬುದು ಸಾಬೀತಾಗಿಲ್ಲ. ಭಕ್ತಿಯಿಂದ ಮಾಡುವವರು ಮಾಡಲಿ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮಾಡಬೇಡಿ. ಎಎಲ್‌ಎಸ್ ಇರುವವರಿಗೆ ತೂಕ ಇಳಿಯುವುದೇ ಅಪಾಯ. ಅವರಿಗೆ ಉಪವಾಸ ಬೇಡವೇ ಬೇಡ.

ಪಿ62ಗೆ ಔಷಧಿ ಬಂದಿದೆಯಾ? ನಮ್ಮಲ್ಲಿ ಯಾರಾದರೂ ಕೆಲಸ ಮಾಡ್ತಿದ್ದಾರಾ?

ನೇರವಾಗಿ ಪಿ62ಗೆಂದೇ ಒಪ್ಪಿಗೆ ಪಡೆದ ಔಷಧಿ ಇಲ್ಲ. ರಾಪಾಮೈಸಿನ್ ಆಟೊಫ್ಯಾಜಿ ಹೆಚ್ಚಿಸುತ್ತದೆ, ಆದರೆ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆ. ಕ್ಲೋರೊಕ್ವಿನ್ ಲೈಸೊಸೋಮನ್ನು ತಡೆಯುತ್ತದೆ. ಅಂಗಡಿಯಲ್ಲಿ ಆಟೊಫ್ಯಾಜಿ ಮಾತ್ರೆ ಎಂದು ಮಾರುವುದಕ್ಕೆ ದುಡ್ಡು ಸುರಿಯಬೇಡಿ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತಾಯ ಅವರ ಪ್ರಯೋಗಾಲಯ ಆಟೊಫ್ಯಾಜಿಗೆಂದೇ ಇದೆ. ಯೀಸ್ಟ್‌ನಲ್ಲಿ ಶುರುಮಾಡಿ, ಆಟೊಫ್ಯಾಜಿಯನ್ನು ಚುರುಕುಗೊಳಿಸುವ ಪುಟ್ಟ ಅಣುಗಳನ್ನು ಹುಡುಕಿ, ಪಾರ್ಕಿನ್ಸನ್ ಮಾದರಿಯ ಇಲಿಗಳವರೆಗೆ ಒಯ್ದಿದ್ದಾರೆ. ಈ ವಿಷಯ ಇಷ್ಟವಾದ ಮಕ್ಕಳು ದೂರ ಹೋಗಲೇಬೇಕೆಂದಿಲ್ಲ.

ಸ್ನಾಯು ಬಯಾಪ್ಸಿ ರಿಪೋರ್ಟ್‌ನಲ್ಲಿ "ಪಿ62 ಪಾಸಿಟಿವ್" ಅಂತ ಬರೆದಿದೆ. ಇದು ಕ್ಯಾನ್ಸರಾ?

ಅಲ್ಲ, ಗಾಬರಿ ಬೇಡ. ವಯಸ್ಸಾದವರಲ್ಲಿ ತೊಡೆಯ ಮುಂಭಾಗ ಮತ್ತು ಬೆರಳು ಮಡಚುವ ಸ್ನಾಯು ಸೊರಗುವ ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್ ಎಂಬ ಕಾಯಿಲೆ ಇದೆ. ಅದನ್ನು ಅದರಂತೆಯೇ ಕಾಣುವ ಬೇರೆ ಸ್ನಾಯು ಊತಗಳಿಂದ ಬೇರ್ಪಡಿಸಲು ಪೆಥಾಲಜಿಸ್ಟ್ ಪಿ62 ಬಣ್ಣ ಹಾಕಿ ನೋಡುತ್ತಾರೆ. ಪಾಸಿಟಿವ್ ಎಂದರೆ ಸ್ನಾಯುವಿನ ಎಳೆಗಳಲ್ಲಿ ಪಿ62 ಗುಡ್ಡೆಗಳು ಕಂಡಿವೆ ಎಂದಷ್ಟೇ. ನಿಮ್ಮ ಜೀನ್ ಕೆಟ್ಟಿದೆ ಎಂದು ಅದರರ್ಥ ಅಲ್ಲ. ರಿಪೋರ್ಟ್ ಮಾತ್ರವಲ್ಲ, ಸಾಧ್ಯವಾದರೆ ಸ್ಲೈಡುಗಳನ್ನೂ ಕೇಳಿ ಪಡೆದು ಸ್ನಾಯು ಕಾಯಿಲೆ ಗೊತ್ತಿರುವ ನ್ಯೂರಾಲಜಿಸ್ಟ್ ಹತ್ತಿರ ಒಯ್ಯಿರಿ. ಮೆಟ್ಟಿಲು ಹತ್ತುವಾಗ ಯಾವಾಗಿನಿಂದ ಕಷ್ಟ, ಅಂಗಿ ಗುಂಡಿ ಹಾಕಲು ಯಾವಾಗಿನಿಂದ ಆಗುತ್ತಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.